ಉಪ್ಪುನೀರಿನ ಸಂಪ್‌ಗೆ ಸೀಕೆಮ್ ಮ್ಯಾಟ್ರಿಕ್ಸ್: ಎಷ್ಟು ಹಾಕಬೇಕು, ಎಲ್ಲಿಡಬೇಕು

ಇಲ್ಲಿ ಸಂಪ್ ಎಂದರೆ ಉಪ್ಪುನೀರಿನ ಮೀನಿನ ಟ್ಯಾಂಕ್‌ಗೆ ಜೋಡಿಸಿದ ಫಿಲ್ಟರ್ ತೊಟ್ಟಿ. ಸೀಕೆಮ್ ಕಂಪನಿಯ ಮ್ಯಾಟ್ರಿಕ್ಸ್ ಅದರಲ್ಲಿ ಹಾಕುವ ಮೀಡಿಯಾ, ಅಂದರೆ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕೂರಲು ಜಾಗ ಕೊಡುವ ತುಂಡುಗಳು. ಒಂದು ಲೀಟರ್ ಮ್ಯಾಟ್ರಿಕ್ಸ್‌ನಲ್ಲಿ 700 ಚದರ ಮೀಟರ್‌ಗೂ ಹೆಚ್ಚು ಮೇಲ್ಮೈ ಇದೆ ಎಂದು ಸೀಕೆಮ್ ಹೇಳಿಕೊಳ್ಳುತ್ತದೆ. ಇಂಥದೇ ಮೀಡಿಯಾಗಳಲ್ಲಿ ಸೇರಾದವರ ಸಿಪೊರಾಕ್ಸ್ 270 ಎನ್ನುತ್ತದೆ, ಏಹೈಮ್ ಸಬ್‌ಸ್ಟ್ರಾಟ್ ಪ್ರೊ 450 ಎನ್ನುತ್ತದೆ. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಮೀಡಿಯಾ ಆರಿಸಲು ಹೋಗಬೇಡಿ. ಬ್ಯಾಕ್ಟೀರಿಯಾದ ಗಾತ್ರ ಸುಮಾರು ಒಂದು ಮೈಕ್ರಾನ್. ಅದಕ್ಕಿಂತ ಸಣ್ಣ ರಂಧ್ರದೊಳಗೆ ಅದು ನುಗ್ಗುವುದೇ ಇಲ್ಲ. ನುಗ್ಗಿದರೂ ಅಲ್ಲಿಗೆ ಆಮ್ಲಜನಕ ಮುಟ್ಟಬೇಕು. ಅಮೋನಿಯಾ ರೂಪದ ಒಂದು ಗ್ರಾಂ ಸಾರಜನಕ ನೈಟ್ರೇಟ್ ಆಗಲು ಹತ್ತಿರಹತ್ತಿರ 4.5 ಗ್ರಾಂ ಆಮ್ಲಜನಕ ಬೇಕು. 26 ಡಿಗ್ರಿಯ ಸಮುದ್ರದ ನೀರಿನಲ್ಲಿ ಕರಗಿರುವುದು ಲೀಟರಿಗೆ ಹೆಚ್ಚೆಂದರೆ 6.6 ಮಿಲಿಗ್ರಾಂ, ಸಿಹಿನೀರಿಗಿಂತ ಕಡಿಮೆ. ಹಾಗಾಗಿ ಮೀಡಿಯಾದ ತುಂಡುಗಳ ನಡುವೆ ನೀರು ಎಷ್ಟು ಸಲೀಸಾಗಿ ಹರಿಯುತ್ತದೆ, ಸಂದುಗಳಲ್ಲಿ ಕಸ ಎಷ್ಟು ಬೇಗ ಕಟ್ಟಿಕೊಳ್ಳುತ್ತದೆ ಎಂಬುದೇ ಮುಖ್ಯ.

ಮ್ಯಾಟ್ರಿಕ್ಸ್ ಗೆಲ್ಲುವುದು ಇಲ್ಲೇ. ತಿಳಿ ಬೂದು ಬಣ್ಣದ ಪ್ಯೂಮಿಸ್ ಕಲ್ಲಿನ ತುಂಡುಗಳು, ದೊಡ್ಡ ಕಡಲೆಕಾಯಿ ಬೀಜದಷ್ಟು ಗಾತ್ರ, ಒಂದರಂತೆ ಇನ್ನೊಂದಿಲ್ಲ. ಆಕಾರ ಅಡ್ಡಾದಿಡ್ಡಿ ಇರುವುದರಿಂದ ಚೀಲದೊಳಗೆ ಒತ್ತಾಗಿ ಕೂರುವುದಿಲ್ಲ, ನಡುವೆ ದಾರಿ ಉಳಿಯುತ್ತದೆ. ವರ್ಷಗಟ್ಟಲೆ ನೀರಿನಲ್ಲಿದ್ದರೂ ಕರಗುವುದಿಲ್ಲ, ಬದಲಾಯಿಸುವ ಖರ್ಚಿಲ್ಲ. ಅಗ್ಗದ ಬಿಳಿ ಸೆರಾಮಿಕ್ ರಿಂಗ್‌ಗಳು ಎಷ್ಟೋ ಸಲ ಬೆರಳಲ್ಲಿ ಉಜ್ಜಿದರೇ ಪುಡಿ ಬಿಡುತ್ತವೆ. ಆ ಪುಡಿ ಕಡೆಗೆ ನೀರನ್ನು ಟ್ಯಾಂಕ್‌ಗೆ ಮರಳಿ ಏರಿಸುವ ರಿಟರ್ನ್ ಪಂಪ್‌ಗೆ ಹೋಗಿ ಸೇರುತ್ತದೆ.

ಪ್ರಮಾಣ: ಕಂಪನಿಯ ಲೆಕ್ಕ 200 ಲೀಟರ್ ನೀರಿಗೆ 500 ಮಿಲಿ. ಟ್ಯಾಂಕ್‌ನಲ್ಲಿ 15-20 ಕೆಜಿ ರಾಕ್ (ಬ್ಯಾಕ್ಟೀರಿಯಾ ಕೂರುವ ರಂಧ್ರಭರಿತ ಕಲ್ಲು) ಇದ್ದು ಮೀನು ಕಡಿಮೆ ಇದ್ದರೆ ಅಷ್ಟು ಧಾರಾಳವಾಯಿತು. ಟ್ರಿಗರ್, ಲಯನ್‌ಫಿಶ್‌ನಂಥ ಹೊಟ್ಟೆಬಾಕ ಮೀನುಗಳಿದ್ದು ರಾಕ್ ಕಡಿಮೆಯಿದ್ದರೆ ಒಂದು ಲೀಟರ್ ಹಾಕಿ. ಅದಕ್ಕಿಂತ ಹೆಚ್ಚು ಹಾಕಿದರೆ ಹೆಚ್ಚು ಲಾಭ ಅಂತೇನಿಲ್ಲ. ಬ್ಯಾಕ್ಟೀರಿಯಾ ಬೆಳೆಯುವುದು ಸಿಗುವ ಅಮೋನಿಯಾಕ್ಕೆ ತಕ್ಕಷ್ಟು ಮಾತ್ರ.

ಜಾಗದ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಟ್ಯಾಂಕ್‌ನ ನೀರು ಇಳಿಸುವ ಓವರ್‌ಫ್ಲೋ ಪೈಪ್ ಬಂದು ಬೀಳುವ ಮೊದಲ ಖಾನೆಯಲ್ಲಿ ಮೀಡಿಯಾ ಚೀಲ ಇಟ್ಟರೆ ಅದೇ ಕಸ ಹಿಡಿಯುವ ಜಾಲರಿಯಾಗುತ್ತದೆ. ಉಳಿದ ಆಹಾರ, ಮೀನಿನ ಹಿಕ್ಕೆ ಅಲ್ಲೇ ಕೊಳೆತು ನೈಟ್ರೇಟ್, ಫಾಸ್ಫೇಟ್ ಏರುತ್ತವೆ. ಬಯೋ ಬಾಲ್ ಎಂಬ ಪ್ಲಾಸ್ಟಿಕ್ ಮೀಡಿಯಾಕ್ಕೆ 'ನೈಟ್ರೇಟ್ ಕಾರ್ಖಾನೆ' ಎಂಬ ಕೆಟ್ಟ ಹೆಸರು ಬಂದದ್ದೂ ಹೀಗೆ ಕಟ್ಟಿಕೊಂಡ ಕಸದಿಂದ. ಪ್ಲಾಸ್ಟಿಕ್ ಚೆಂಡಿನದೇನೂ ತಪ್ಪಿಲ್ಲ. ಕಸ ಹಿಡಿಯುವ ಬಟ್ಟೆ ಚೀಲವಾದ ಫಿಲ್ಟರ್ ಸಾಕ್ಸ್, ಆಮೇಲೆ ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್, ಆಮೇಲೆ ಮೀಡಿಯಾ, ಕೊನೆಗೆ ರಿಟರ್ನ್ ಪಂಪ್: ಇದೇ ಸರಿಯಾದ ಕ್ರಮ. ಎಗ್‌ಕ್ರೇಟ್ ಎಂಬ ಪ್ಲಾಸ್ಟಿಕ್ ಜಾಲರಿ ಹಲಗೆಯ ತುಂಡೊಂದನ್ನು ಸಂಪ್‌ನ ತಳದಿಂದ ಮೂರು-ನಾಲ್ಕು ಸೆಂಟಿಮೀಟರ್ ಮೇಲೆ ಕೂರಿಸಿ, ಅದರ ಮೇಲೆ ಚೀಲವನ್ನು ಸಡಿಲವಾಗಿ ಹರಡಿ. ಪದರ ಐದಾರು ಸೆಂಟಿಮೀಟರ್‌ಗಿಂತ ದಪ್ಪ ಬೇಡ.

ಹಾಕುವ ಮೊದಲು ಆರ್‌ಒ ನೀರಿನಲ್ಲಿ ಬಗ್ಗಡ ಹೋಗುವವರೆಗೂ ತೊಳೆಯಿರಿ. ಕೆಲವು ತುಂಡು ತೇಲುತ್ತವೆ. ಒಳಗಿನ ಗಾಳಿ ಹೋಗಲಿ, ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಹಾಕಿ. ಟ್ಯಾಂಕ್ ಹೊಸದಾದರೆ ಮೀನು ಬಿಡದೆ ಸೈಕಲ್ ಮಾಡಿ, ಅಂದರೆ ಅಮೋನಿಯಾ ಹಾಕಿ ಬ್ಯಾಕ್ಟೀರಿಯಾ ಬೆಳೆಸಿ. 200 ಲೀಟರ್ ನೀರಿಗೆ 1.25 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಸುಪಾಸಿಗೆ ಬರುತ್ತದೆ. ಗ್ರಂಥಿಗೆ ಅಂಗಡಿಯ ನವಸಾಗರವೂ ಅದೇ ವಸ್ತು, ಆದರೆ ಅದರಲ್ಲಿ ಬೇರೆ ಏನೇನು ಬೆರೆತಿದೆಯೋ ಗೊತ್ತಾಗುವುದಿಲ್ಲ. ಪ್ರಯೋಗಾಲಯ ದರ್ಜೆಯದನ್ನೇ ಕೊಳ್ಳಿ. ಅಷ್ಟು ಡೋಸ್ ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ (ಅಮೋನಿಯಾ ನೈಟ್ರೇಟ್ ಆಗುವ ನಡುವಿನ ಹಂತ) ಎರಡೂ ಸೊನ್ನೆಗೆ ಇಳಿದರೆ ಮೀಡಿಯಾ ತಯಾರಾಯಿತು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ತುಂಡುಗಳ ಒಳಭಾಗದಲ್ಲಿ ಆಮ್ಲಜನಕ ಕಡಿಮೆಯಾಗಿ ನೈಟ್ರೇಟ್ ಕೂಡ ಇಳಿಯುತ್ತದೆ ಎಂಬ ಕಂಪನಿಯ ಮಾತನ್ನು ನಂಬಿಕೊಂಡು ಕೂರಬೇಡಿ. ಸಂಪ್‌ನಲ್ಲಿ ನೀರು ರಭಸವಾಗಿ ಓಡುವಾಗ ಆ ಕೆಲಸ ಲೆಕ್ಕಕ್ಕೆ ಸಿಗುವಷ್ಟು ಆಗುವುದಿಲ್ಲ. ನೈಟ್ರೇಟ್ ಇಳಿಸಲು ನೀರು ಬದಲಾವಣೆ, ಒಳ್ಳೆಯ ಸ್ಕಿಮ್ಮರ್, ಕೀಟೊಮಾರ್ಫಾ ಎಂಬ ಪಾಚಿ ಬೆಳೆಸಿದ ರೆಫ್ಯೂಜಿಯಂ (ಪ್ರತ್ಯೇಕ ಖಾನೆ) ಬೇಕೇ ಬೇಕು. ಇನ್ನೊಂದು: ನೈಟ್ರೇಟ್ 50 ಪಿಪಿಎಂ ಏರುವಷ್ಟರಲ್ಲಿ ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ; ಕೆಎಚ್ ಎಂದೂ ಕರೆಯುತ್ತಾರೆ, ಅಳತೆ ಡಿಕೆಎಚ್‌ನಲ್ಲಿ) ಸುಮಾರು 2.3 ಡಿಕೆಎಚ್ ಕುಸಿದಿರುತ್ತದೆ. ಹವಳ ಇಲ್ಲದ ಟ್ಯಾಂಕ್‌ನಲ್ಲೂ ಕೆಎಚ್ ಯಾಕೆ ಬೀಳುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ಇದನ್ನು ನೋಡಿ.

ಬೇರೆ ಆಯ್ಕೆಗಳಲ್ಲಿ ಸಿಪೊರಾಕ್ಸ್ ಒಳ್ಳೆಯ ಮಾಲು. ಮರೀನ್‌ಪ್ಯೂರ್‌ನಂಥ ದೊಡ್ಡ ಸೆರಾಮಿಕ್ ಬ್ಲಾಕ್ ಇಡುವುದು ಸುಲಭ, ಶುಚಿ ಮಾಡುವುದು ಕಷ್ಟ. ಅದನ್ನು ಬಳಸಿದ ಮೇಲೆ ನೀರಿನಲ್ಲಿ ಅಲ್ಯೂಮಿನಿಯಂ ಏರಿದೆ ಎಂದು ಹಲವು ಹವ್ಯಾಸಿಗಳು ಹೇಳಿದ್ದಾರೆ, ಹವಳ ಸಾಕುವವರು ಗಮನಿಸಬೇಕು. ಸಮುದ್ರದಿಂದಲೇ ಲೈವ್ ರಾಕ್ (ಜೀವಿಗಳು ನೆಲೆಸಿದ ಹವಳದ ಕಲ್ಲು) ತರುವ ಯೋಚನೆಯನ್ನಂತೂ ಬಿಟ್ಟುಬಿಡಿ. ಹವಳದ ಬಂಡೆ ಕಟ್ಟುವ ಹವಳಗಳು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳಕ್ಕೂ ಅದೇ ರಕ್ಷಣೆ. ಒಣ ರಾಕ್ ಜೊತೆ ಮ್ಯಾಟ್ರಿಕ್ಸ್ ಇದ್ದರೆ ಸಾಕು.

ಎರಡು-ಮೂರು ತಿಂಗಳಿಗೊಮ್ಮೆ ನೀರು ಬದಲಾಯಿಸುವಾಗ, ಟ್ಯಾಂಕ್‌ನಿಂದ ತೆಗೆದ ನೀರಿನಲ್ಲೇ ಚೀಲವನ್ನು ಅಲ್ಲಾಡಿಸಿ ತೊಳೆಯಿರಿ. ಒಂದು ಸಲಕ್ಕೆ ಅರ್ಧ ಚೀಲಗಳನ್ನಷ್ಟೇ ಮುಟ್ಟಿ. ನಲ್ಲಿ ನೀರು ತಾಗಿಸಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್‌ನ ಒಂದು ಕಲ್ಲು ಟ್ಯಾಂಕ್‌ನಲ್ಲಿ, ಇನ್ನೊಂದು ಮೀಡಿಯಾ ಖಾನೆಯಲ್ಲಿ ಇರಲಿ. ತಾಸುಗಟ್ಟಲೆ ನಿಂತ ನೀರಿನಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ರಿಟರ್ನ್ ಪಂಪ್ ಹಾಕಲೇಬೇಡಿ. ಮೊದಲು ಚೀಲಗಳನ್ನು ಹೊರತೆಗೆದು, ಸಂಪ್‌ನ ನೀರನ್ನು ಪೂರ್ತಿ ಚೆಲ್ಲಿ, ಹೊಸ ಉಪ್ಪುನೀರು ತುಂಬಿ. ಆಮೇಲೆ ಪಂಪ್ ಹಾಕಿ.