ಹಳೇ ಖಾನಾವಳಿಯಲ್ಲಿ ಮೂರು ಬಾಡಿಗೆ ಮನೆ

ಅಣ್ಣಿಗೇರಿ ದಾಟಿ ಗದಗಕ್ಕೆ ಹೋಗುವ ಕಡೆ, ನಮ್ಮ ಹಳ್ಳಿಯಲ್ಲಿ ಒಂದು ಹಳೇ ಖಾನಾವಳಿ ಇತ್ತು. ಹತ್ತಿ ಗಾಡಿ ಹೊಡೆದುಕೊಂಡು ಪೇಟೆಗೆ ಹೊರಟವರು ಇಲ್ಲೇ ರೊಟ್ಟಿ ಉಂಡು ಪಡಸಾಲೆಯಲ್ಲಿ ಮಲಗುತ್ತಿದ್ದರು ಅಂತ ಎದುರುಮನೆ ಅಜ್ಜ ಹೇಳುತ್ತಾರೆ. ಈಗ ಅದನ್ನೇ ಮೂರು ಮನೆ ಮಾಡಿದ್ದಾರೆ. ನಡುವಿನ ಮನೆಯಲ್ಲಿ ನಾವಿದ್ದೇವೆ. ಬಾಡಿಗೆ ತಿಂಗಳಿಗೆ 5,500 ರೂಪಾಯಿ.

ಇಲ್ಲಿಯ ಕಟ್ಟಿಗೆ ಕೆಲಸ ನೋಡಲೇಬೇಕು. ಸಾಗವಾನಿ ಕಂಬ, ಮೇಲೆ ಬೋದಿಗೆ ಅಂದರೆ ಕಂಬದ ತಲೆಗೆ ಕೂರಿಸಿದ ಅಡ್ಡ ಕಟ್ಟಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಸಣ್ಣ ತೊಲೆಗಳು, ಅವೇ ಜಂತಿ. ಮಾಳಿಗೆಯ, ಅಂದರೆ ಮೇಲ್ಛಾವಣಿಯ, ಮಣ್ಣಿನ ಭಾರ ಹೊರುವುದು ಇವೇ, ಒಳಗಿನ ಗೋಡೆಗಳಲ್ಲ. ಹಾಗಾಗಿ ಒಂದು ಕಂಬವನ್ನೂ ಕೀಳದೆ ಮೂರು ಮನೆ ಮಾಡಲು ಬಂದಿದೆ. ಕಂಬದ ಬುಡಕ್ಕೆ ಕಲ್ಲು ಇದೆ, ನೆಲದ ಹಸಿ ಕಟ್ಟಿಗೆಗೆ ಏರಿಲ್ಲ. ನಮ್ಮ ಅಡುಗೆಮನೆ ಇರುವುದು ಖಾನಾವಳಿಯ ಒಲೆಗಳಿದ್ದ ಜಾಗದಲ್ಲಿ. ಅಲ್ಲಿಯ ಜಂತಿಗಳು ಹೊಗೆಗೆ ಕರ್ರಗಾಗಿವೆ. ಮಾಲೀಕರು ಅವನ್ನು ಉಜ್ಜಿಸದೆ ಹಾಗೇ ಬಿಟ್ಟಿದ್ದಾರೆ, ಅದಕ್ಕೆ ಅವರಿಗೆ ದೊಡ್ಡ ನಮಸ್ಕಾರ. ಆದರೆ ಹುಳ ಹತ್ತಿರ ಬರದಂತೆ ನೋಡಿಕೊಳ್ಳುತ್ತಿದ್ದುದು ಆ ಹೊಗೆಯೇ ಅಲ್ವಾ? ಈಗ ಗ್ಯಾಸ್ ಒಲೆ. ಆಗಾಗ ಗೆದ್ದಲಿನ ಔಷಧಿ ಹೊಡೆಸಲೇಬೇಕು.

ಬೇಸಿಗೆಯಲ್ಲಿ ಮನೆ ತಂಪು. ಮಧ್ಯಾಹ್ನ ಫ್ಯಾನ್ ಸಾಕು. ಬೆಳಕಿಂಡಿಗೆ ಗಾಜು ಕೂರಿಸಿ, ಪಕ್ಕಕ್ಕೆ ಜಾಳಿಗೆ ಬಿಟ್ಟಿದ್ದಾರೆ. ಬೆಳಕೂ ಬರುತ್ತದೆ, ಬಿಸಿ ಗಾಳಿಯೂ ಹೋಗುತ್ತದೆ.

ನನಗೆ ನಿಜವಾಗಿ ನೋವಾಗಿರುವುದು ಗೋಡೆಯ ವಿಷಯದಲ್ಲಿ. ಹೊರಗಿನವು ದಪ್ಪ ಮಣ್ಣಿನ ಗೋಡೆ. ಅವಕ್ಕೆ ಎರಡೂ ಕಡೆ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಮಾಡಿಸಿದ್ದಾರೆ. ಮಣ್ಣು ಹೀರಿದ ನೀರು ಆರಿ ಹೊರಗೆ ಹೋಗಬೇಕು. ಸಿಮೆಂಟ್ ಅದನ್ನು ಒಳಗೇ ತಡೆಯುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಬುಡದಲ್ಲಿ ಉಪ್ಪು ಹೂ ಬಿಟ್ಟು, ಗಿಲಾವು ಹಪ್ಪಳದ ಹಾಗೆ ಎದ್ದು ಬಂತು. ಸುಣ್ಣದ ಗಿಲಾವು ಮಾಡಿಸಿದ್ದರೆ ಈ ಪಾಡು ಇರುತ್ತಿರಲಿಲ್ಲ. ಊರಲ್ಲಿ ಸುಣ್ಣದ ಕೆಲಸ ಬಲ್ಲ ಹಿರಿಯ ಗೌಂಡಿಗಳು ಇನ್ನೂ ಇದ್ದಾರೆ. ಅವರನ್ನು ಕರೆಸಿ ಅಂತ ಮಾಲೀಕರಿಗೆ ಹೇಳಿದ್ದೇನೆ. ಈ ಬೇಸಿಗೆಯಲ್ಲಿ ಹಿಂದಿನ ಗೋಡೆಯಿಂದ ಶುರು ಮಾಡುತ್ತೇವೆ ಅಂದಿದ್ದಾರೆ.

ಇನ್ನೊಂದು ಮಾತು. ಮನೆಗಳ ನಡುವಿನ ಹೊಸ ಗೋಡೆ ತೊಲೆಯವರೆಗೆ ಮಾತ್ರ ಇದೆ. ಜಂತಿಗಳ ಸಂದಿಯಿಂದ ಪಕ್ಕದ ಮನೆ ಟಿವಿ ಕೇಳಿಸುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಕಷ್ಟ.

ರಸ್ತೆ ಕಡೆಯ ಮನೆ ಸದ್ಯ ಖಾಲಿ ಇದೆ. ನೋಡಲು ಬರುವವರು ಸಂಜೆ ಹೊತ್ತು ಬನ್ನಿ, ಸದ್ದು ಎಷ್ಟು ಅಂತ ಗೊತ್ತಾಗುತ್ತದೆ. ಆ ಮನೆಯ ಗಿಲಾವೂ ಸುಣ್ಣದ್ದೇ ಆಗಬೇಕು ಅಂತ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ.