ಕಾರ್ಬಿಮಜೋಲ್ ಮಾತ್ರೆ: ಕೆಲಸಕ್ಕೆ ಗಟ್ಟಿ, ಗಂಟಲು ನೋವು ಬಂದರೆ ಹುಷಾರು

ಥೈರಾಯ್ಡ್ ಹೆಚ್ಚಾಗಿ ಎದೆ ಡವಡವ ಅನ್ನುವವರಿಗೆ ಒಳ್ಳೆಯ ಮಾತ್ರೆ, ಪರಿಣಾಮ ಕಾಣಲು ಕೆಲವು ವಾರ ಬೇಕು. ದೊಡ್ಡ ತಕರಾರು ಒಂದಿದೆ: ಅಪರೂಪಕ್ಕೆ ರಕ್ತದ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿಕಣ) ಏಕಾಏಕಿ ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿಳಿಯುತ್ತದೆ, ಹೆಚ್ಚಾಗಿ ಮೊದಲ 3 ತಿಂಗಳಲ್ಲಿ. ಹೋದ ವಾರದ ರಿಪೋರ್ಟ್ ಚೆನ್ನಾಗಿತ್ತು ಅನ್ನುವ ಸಮಾಧಾನ ಇಲ್ಲಿ ನಡೆಯದು. ಜ್ವರ, ಗಂಟಲು ನೋವು, ಬಾಯಿಹುಣ್ಣು ಕಂಡರೆ ಮಾತ್ರೆ ನಿಲ್ಲಿಸಿ, ಅದೇ ದಿನ ವೈದ್ಯರಿಗೆ ತೋರಿಸಿ, ಡಿಫರೆನ್ಷಿಯಲ್ (ಬಿಳಿಕಣಗಳ ಬಗೆಬಗೆಯ ಎಣಿಕೆ) ಸಮೇತ ಸಿಬಿಸಿ ರಕ್ತಪರೀಕ್ಷೆ ಮಾಡಿಸಿ. ಪ್ಯಾರಸಿಟಮಾಲ್ ನುಂಗಿ ಕಾದು ಕೂರುವುದೇ ಅಪಾಯ, ಸೋಂಕು ರಕ್ತಕ್ಕೇರಲು ಹೆಚ್ಚು ಹೊತ್ತು ಬೇಡ. ಒಟ್ಟು ಬಿಳಿಕಣ ನೋಡಿದರೆ ಸಾಲದು, ನ್ಯೂಟ್ರೋಫಿಲ್ ಶೇಕಡಾವಾರು ಲೆಕ್ಕ ಹಾಕಿ: 2,000ದಲ್ಲಿ 10% ಅಂದರೆ ಬರೀ 200. ಒಮ್ಮೆ ಹೀಗಾದವರು ಇದನ್ನು ಮತ್ತೆ ಮುಟ್ಟುವಂತಿಲ್ಲ. ಇದೇ ಬಗೆಯ ಮೆಥಿಮಜೋಲ್ ಮಾತ್ರೆ ಕೂಡ ಬೇಡ, ದೇಹದೊಳಗೆ ಕಾರ್ಬಿಮಜೋಲ್ ಮಾರ್ಪಡುವುದೇ ಮೆಥಿಮಜೋಲ್ ಆಗಿ.