ಬಚ್ಚಲ ಹುಳಕ್ಕೆ ಕುದಿನೀರೋ, ಬ್ಲೀಚೋ, ಬ್ರಶ್ಶೋ?

ಬಚ್ಚಲಮನೆಯ ಟೈಲ್ಸ್ ಮೇಲೆ ಪುಟ್ಟ ಪತಂಗದ ಹಾಗೆ ಒಂದು ಬೂದುಬಣ್ಣದ ಹುಳ ಕೂತಿರುತ್ತಲ್ಲ, ಎಳ್ಳುಕಾಳಿನಷ್ಟು? ಬೆರಳಲ್ಲಿ ಒತ್ತಿದರೆ ಬೂದಿ ಸವರಿದಂಥ ಗೆರೆ ಉಳಿಯುತ್ತದೆ. ಡ್ರೈನ್ ಫ್ಲೈ ಅಂತ ಅದರ ಹೆಸರು. ಕಚ್ಚುವುದಿಲ್ಲ. ಹಾರುವುದೂ ಅಷ್ಟಕ್ಕಷ್ಟೇ, ಎದ್ದು ಒಂದು ಅಡಿ ಹೋಗಿ ಮತ್ತೆ ಗೋಡೆಗೇ ಅಂಟಿಕೊಳ್ಳುತ್ತದೆ. ಆದರೂ ಹಲ್ಲುಜ್ಜುವಾಗ ಕನ್ನಡಿ ಮೇಲೆ ನಾಲ್ಕು ಕೂತಿದ್ದರೆ ರೇಗುತ್ತೆ, ಅಲ್ವಾ? ಒಂದೂವರೆ ತಿಂಗಳು ಇವುಗಳ ಜೊತೆ ಗುದ್ದಾಡಿದ್ದೇನೆ.

ಮೊದಲು ಕೈಗೆ ಸಿಕ್ಕಿದ್ದು ಸೊಳ್ಳೆ ಸ್ಪ್ರೇ. ಸಂಜೆ ಹೊಡೆದೆ, ಗೋಡೆಯಲ್ಲಿದ್ದವೆಲ್ಲ ಉದುರಿದವು. ಮೂರನೇ ದಿನಕ್ಕೆ ಮತ್ತೆ ಅಷ್ಟೇ ಹುಳ. ಕಾರಣ ಆಮೇಲೆ ಗೊತ್ತಾಯಿತು. ಇವು ಮೊಟ್ಟೆಯಿಡುವುದು ಪೈಪಿನ ಒಳಮೈಗೆ ಅಂಟಿದ ಲೋಳೆಯಲ್ಲಿ. ಕೂದಲು, ಸೋಪು, ಮೈಕೊಳೆ ಎಲ್ಲ ಸೇರಿ ಕಟ್ಟಿದ ಲೋಳೆ ಅದು. ಒಂದೆರಡು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ಮರಿಹುಳ ಸುಮಾರು 9ರಿಂದ 15 ದಿನ ಆ ಲೋಳೆಯನ್ನೇ ಮೇಯುತ್ತದೆ. ಗೋಡೆ ಮೇಲಿನವನ್ನು ಎಷ್ಟು ಕೊಂದರೂ ಒಳಗಿನ ಸಂಸಾರ ಹಾಯಾಗಿರುತ್ತದೆ.

ಸರಿ, ಒಳಗೇ ಸುರಿಯೋಣ ಅಂತ ಕುದಿನೀರು ಹಿಡಿದೆ. ಎರಡು ದಿನ ಹುಳ ಕಮ್ಮಿಯಾದಂತೆ ಕಂಡಿತು. ಆದರೆ ನೀರು ಪೈಪಿನ ಮಧ್ಯದಲ್ಲಿ ಸರ್ರನೆ ಇಳಿದುಹೋಗುತ್ತದೆ, ಪಕ್ಕದ ಲೋಳೆ ಮೇಲಷ್ಟೇ ಬಿಸಿಯಾಗುತ್ತದೆ. ಜೊತೆಗೆ ಪಿವಿಸಿ ಪೈಪಿಗೆ ಕುದಿನೀರು ಒಳ್ಳೆಯದಲ್ಲ, ಮೆತ್ತಗಾಗಿ ಜಾಯಿಂಟ್ ಸಡಿಲವಾಗಬಹುದು. ಅಲ್ಲಿಗೇ ಬಿಟ್ಟೆ.

ಅಡುಗೆ ಸೋಡಾ, ವಿನೆಗರ್ ಜೋಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬುಸ್ ಅಂತ ನೊರೆ ಬರುತ್ತದೆ, ನೋಡೋಕೆ ಚೆನ್ನ. ಒಂದು ಆಮ್ಲ, ಒಂದು ಕ್ಷಾರ, ಎರಡೂ ಒಂದನ್ನೊಂದು ತಿಂದುಹಾಕಿ ಕೊನೆಗೆ ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಹುಳಕ್ಕೆ ಅದೊಂದು ಸ್ನಾನ.

ಬ್ಲೀಚ್ ಮೇಲೆ ತುಂಬಾ ನಂಬಿಕೆ ಇತ್ತು. ವಾಸನೆ ಹೋಯಿತು, ಜಾಲಿ ಬೆಳ್ಳಗಾಯಿತು, ಹುಳ ಮಾತ್ರ ಹೋಗಲಿಲ್ಲ. ಅದೂ ಲೋಳೆಯ ಮೇಲೆ ಜಾರಿ ಇಳಿದುಬಿಡುತ್ತದೆ. ಒಂದು ಮಾತು, ವಿನೆಗರ್ ಸುರಿದ ಬಚ್ಚಲಿಗೆ ಮರೆತೂ ಬ್ಲೀಚ್ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ನಾನು ಬಾಟಲಿ ಎತ್ತಿದ್ದೆ, ಲೇಬಲ್ ಓದಿ ಬಚಾವಾದೆ.

ಇಷ್ಟೆಲ್ಲ ಆದಮೇಲೆ ಬುದ್ಧಿ ಬಂತು, ಹುಳ ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಬೇಕಿತ್ತು. ರಾತ್ರಿ ಎರಡೂ ಜಾಲಿಗಳನ್ನು ಒರೆಸಿ ಒಣಗಿಸಿ, ಅಂಟು ಕೆಳಗೆ ಬರುವಂತೆ ಅಗಲದ ಟೇಪ್ ಹಚ್ಚಿದೆ. ಗಾಳಿಯಾಡಲು ಸ್ವಲ್ಪ ಸಂದಿ ಬಿಟ್ಟಿದ್ದೆ. ಬೆಳಿಗ್ಗೆ ಶವರ್ ಕೆಳಗಿನ ಟೇಪ್ ಖಾಲಿ. ಮೂಲೆಯ ಜಾಲಿಯ ಟೇಪಿನಲ್ಲಿ ಏಳು ಹುಳ. ನಾನು ಅಷ್ಟು ದಿನ ಜಾಸ್ತಿ ಸುರಿದಿದ್ದು ಶವರ್ ಕೆಳಗೆ!

ಆಮೇಲೆ ಬ್ರಶ್. ಬಾಟಲಿ ತೊಳೆಯುವ ಉದ್ದ ಹಿಡಿಯ ಹಳೇ ಬ್ರಶ್ ತಗೊಂಡೆ. ಜಾಲಿ ಎತ್ತಿ, ಸೋಪಿನ ನೀರು ಹಾಕಿ, ಕೈ ಹೋಗುವಷ್ಟು ಆಳಕ್ಕೆ ತಿರುವಿ ತಿರುವಿ ಉಜ್ಜಿದೆ. ಹೊರಬಂದಿದ್ದು ಕೂದಲು ಸುತ್ತಿಕೊಂಡ ಕಪ್ಪು ಲೋಳೆ, ತಣ್ಣಗೆ ಜೆಲ್ಲಿಯಂತೆ. ಬೆಳಕಿಗೆ ಹಿಡಿದರೆ ಅದರೊಳಗೆ ದಾರದ ತುಂಡಿನಂಥವು ಮಿಸುಕಾಡುತ್ತಿದ್ದವು. ಜಾಲಿಯ ಕೆಳಮೈಯಲ್ಲೂ ಅದೇ ಲೋಳೆ, ಅದನ್ನು ಉಜ್ಜೋದು ಮರೆಯಬೇಡಿ. ಇಪ್ಪತ್ತು ನಿಮಿಷದ ಹೊಲಸು ಕೆಲಸ. ಆದರೆ ಒಂದೂವರೆ ತಿಂಗಳ ಎಲ್ಲ ಸುರಿದಾಟಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು ಅದೇ. ನಾಲ್ಕು ದಿನಕ್ಕೊಮ್ಮೆ ಮೂರು ಸಲ ಉಜ್ಜಿದೆ. ಮೊದಲೇ ಹುಟ್ಟಿದ್ದ ಹುಳಗಳು ಒಂದೆರಡು ವಾರ ಅಲ್ಲಲ್ಲಿ ಕಂಡವು, ಆಮೇಲೆ ತಾವಾಗಿಯೇ ಕಮ್ಮಿಯಾದವು.

ಲೋಳೆ ತಿನ್ನುವ ಬ್ಯಾಕ್ಟೀರಿಯಾ ಇರುವ ಜೆಲ್ ಕೂಡ ಬಳಸಿದೆ. ರಾತ್ರಿ ಪೈಪಿನ ಒಳಮೈಗೆ ಹಚ್ಚಿ ಬೆಳಗಿನ ತನಕ ನೀರು ಬಿಡಬಾರದು. ನಿಧಾನ, ಆದರೆ ಬ್ರಶ್ ಮುಟ್ಟದ ಬಾಗಿನಲ್ಲಿ ಅದೇ ಉಪಯೋಗಕ್ಕೆ ಬರುತ್ತದೆ. ಆ ದಿನಗಳಲ್ಲಿ ಬ್ಲೀಚ್ ಹಾಕಿದರೆ ಬ್ಯಾಕ್ಟೀರಿಯಾನೂ ಸತ್ತು ಎಲ್ಲ ವ್ಯರ್ಥ. ಒಂದೇ ಆರಿಸಿ ಅಂದರೆ ನನ್ನ ಓಟು ಬ್ರಶ್ಶಿಗೇ.

ಕನ್ನಡಿ ಹತ್ತಿರ ಮಾತ್ರ ದಿನಾ ಒಂದು ಹುಳ ಬಿಡದೆ ಬರುತ್ತಿತ್ತು. ಹುಡುಕಿದರೆ ವಾಶ್‌ಬೇಸಿನ್ ಅಂಚಿನ ಕೆಳಗೆ, ನೀರು ತುಂಬಿ ಚೆಲ್ಲದಿರಲಿ ಅಂತ ಬಿಟ್ಟಿರುವ ಸಣ್ಣ ತೂತಿನಿಂದ! ಅಲ್ಲಿಗೆ ದೊಡ್ಡ ಬ್ರಶ್ ಹೋಗದು, ಹಳೇ ಟೂತ್‌ಬ್ರಶ್ ಬೇಕಾಯಿತು. ಈಗ ಅದರ ಹಿಡಿಯ ಮೇಲೆ ದಪ್ಪಕ್ಷರದಲ್ಲಿ ‘ಬಚ್ಚಲು’ ಅಂತ ಬರೆದಿಟ್ಟಿದ್ದೇನೆ, ಯಾರಾದರೂ ನಿದ್ದೆಗಣ್ಣಲ್ಲಿ ಪೇಸ್ಟ್ ಹಾಕಿಬಿಟ್ಟಾರು.